ಹಾಡಿನ ಕೆಳಗೆ ಯಾರ ಹೆಸರು

ಕಂಟ್ರಿ ಮ್ಯೂಸಿಕ್ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಕಾಲೇಜು ಟ್ರಿಪ್ಪಿನ ಬಸ್ಸಿನಲ್ಲಿ ಎಲ್ಲರೂ ಕೂಡಿ ಕಿರುಚುವ ಜಾನ್ ಡೆನ್ವರನ ಒಂದು ಹಾಡು. ಅದರಾಚೆಗೆ ಅಗಲ ಅಂಚಿನ ಟೋಪಿ, ಬೂಟು, ಕುದುರೆ, ಪಿಕಪ್ ಟ್ರಕ್ಕು, ಕೈಕೊಟ್ಟ ಪ್ರೀತಿ, ಒಂದಿಷ್ಟು ವಿಸ್ಕಿ. ಪಿಎಚ್.ಡಿ.ಗೆಂದು ಹೈದರಾಬಾದಿಗೆ ಬರುವವರೆಗೆ ನನಗೆ ಗೊತ್ತಿದ್ದದ್ದೂ ಅಷ್ಟೇ. ಹಾಸ್ಟೆಲಿನಲ್ಲಿ ನನಗೆ ರೂಮ್‌ಮೇಟ್ ಆಗಿ ಸಿಕ್ಕವಳು ಕೊಹಿಮಾದವಳು. ಅವಳ ಸಂಶೋಧನೆ ಭಾಷಾವಿಜ್ಞಾನದಲ್ಲಿ, ಅವಳ ಸಂಗೀತವೆಲ್ಲ ನ್ಯಾಶ್‌ವಿಲ್‌ನಲ್ಲಿ. ಜಿಮ್ ರೀವ್ಸ್ ಎಂಬ ಗಾಯಕ 1964ರಲ್ಲೇ ವಿಮಾನ ಅಪಘಾತದಲ್ಲಿ ತೀರಿಕೊಂಡ. ಅವಳ ಅಜ್ಜನ ಮನೆಯಲ್ಲಿ ಅವನು ಇನ್ನೂ ಪ್ರತಿ ಕ್ರಿಸ್‌ಮಸ್ಸಿಗೂ ಹಾಡುತ್ತಾನಂತೆ. 'ಅಮೆರಿಕನ್ ಹಾಡು ಅಂತ ನಮಗೆ ಯಾವತ್ತೂ ಅನ್ನಿಸಿಲ್ಲ. ಅದು ಅಜ್ಜನ ಹಾಡು' ಎನ್ನುತ್ತಾಳೆ.

ಶುಕ್ರವಾರ ಹೊಸ ಆಲ್ಬಮ್‌ಗಳು ಬಿಡುಗಡೆಯಾಗುವ ದಿನ. 2024ರ ಇಡೀ ವರ್ಷ ಶುಕ್ರವಾರ ರಾತ್ರಿ ಊಟ ಮುಗಿಸಿ ಬಂದು ನಾವಿಬ್ಬರೂ ಆ ವಾರ ಬಂದ ಕಂಟ್ರಿ ಆಲ್ಬಮ್ ಕೇಳಿದೆವು. ಮೊದಮೊದಲು ನನಗದು ಬರೀ ವಿರಾಮ. ಬರುಬರುತ್ತಾ ಆ ವರ್ಷದ ಸುದ್ದಿಗಳು ನನ್ನ ಮಹಾಪ್ರಬಂಧದ ಮೂರನೇ ಅಧ್ಯಾಯದೊಳಕ್ಕೇ ನುಗ್ಗಿಬಿಟ್ಟವು. ಅದು ಹೇಗೆಂದು ಹೇಳುವುದಕ್ಕೆ ಈ ಬರಹ.

ವರ್ಷದ ಶುರುವಿನಲ್ಲೇ, ಫೆಬ್ರವರಿ 4ರಂದು, ಲಾಸ್ ಏಂಜಲೀಸಿನಲ್ಲಿ ಗ್ರ್ಯಾಮಿ ಸಮಾರಂಭ. ಅಲ್ಲಿ ಟ್ರೇಸಿ ಚಾಪ್‌ಮನ್ ಮತ್ತು ಲ್ಯೂಕ್ ಕೋಂಬ್ಸ್ ಒಟ್ಟಿಗೆ ನಿಂತು 'ಫಾಸ್ಟ್ ಕಾರ್' ಹಾಡಿದರು. ಇದು ಚಾಪ್‌ಮನ್ 1988ರಲ್ಲಿ ಬರೆದು ಹಾಡಿದ ಹಾಡು. ಬಡತನದಿಂದ ತಪ್ಪಿಸಿಕೊಂಡು ಹೋಗಲು ನೋಡುವ, ಹೋಗಲಾಗದೆ ಅದರೊಳಗೇ ಸುತ್ತುವ ಒಬ್ಬ ಹೆಣ್ಣಿನ ಕಥೆ. ಆಕೆ ಕಪ್ಪು ಹೆಣ್ಣುಮಗಳು, ಆಗ ಅವರನ್ನು ಯಾರೂ ಕಂಟ್ರಿ ಎಂದು ಕರೆದಿರಲಿಲ್ಲ. ಉತ್ತರ ಕೆರೊಲಿನಾದ ಬಿಳಿಯ ಗಾಯಕ ಕೋಂಬ್ಸ್ ಚಿಕ್ಕಂದಿನಲ್ಲಿ ಅಪ್ಪನ ಟ್ರಕ್ಕಿನಲ್ಲಿ ಇದನ್ನು ಕೇಳಿ ಬೆಳೆದವನು. 2023ರಲ್ಲಿ ಅವನು ಅದನ್ನೇ ಮತ್ತೆ ಹಾಡಿದಾಗ ಅದು ಕಂಟ್ರಿ ರೇಡಿಯೋದಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಹಾಡಿನಲ್ಲಿ ಮಾತಾಡುವವಳು ಹೆಣ್ಣು ಎಂದು ಹೇಳುವ ಪದವನ್ನು ಅವನು ಬದಲಿಸಲಿಲ್ಲ, ಹಾಗೇ ಹಾಡಿದ. ಆ ವರ್ಷದ ನವೆಂಬರಿನಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಶನ್, ಅಂದರೆ ಸಿಎಂಎ, ಕೊಡುವ ವರ್ಷದ ಗೀತೆ ಪ್ರಶಸ್ತಿ ಚಾಪ್‌ಮನ್‌ಗೆ ಸಿಕ್ಕಿತು. ಆ ಪ್ರಶಸ್ತಿ ಒಬ್ಬ ಕಪ್ಪು ಗೀತರಚನಕಾರರಿಗೆ ಸಿಕ್ಕಿದ್ದು ಅದೇ ಮೊದಲು.

ಆ ಗ್ರ್ಯಾಮಿ ವಿಡಿಯೋವನ್ನು ನಾವು ಎಷ್ಟು ಸಲ ನೋಡಿದೆವೋ ಲೆಕ್ಕವಿಲ್ಲ. ಚಾಪ್‌ಮನ್ ಹಾಡುವಾಗ ಕೋಂಬ್ಸ್ ಪಕ್ಕದಲ್ಲಿ ನಿಂತು, ಬಾಯಲ್ಲಿ ಪದ ಗುನುಗುತ್ತಾ, ಆಕೆಯನ್ನೇ ನೋಡುತ್ತಿರುತ್ತಾನೆ. ಹಾಡು ಕಲಿತವನು ಹಾಡು ಕಟ್ಟಿದವಳನ್ನು ನೋಡುವ ನೋಟ ಅದು. ನನ್ನ ವಿಷಯದಲ್ಲಿ ಈ ನೋಟ ತೀರಾ ಅಪರೂಪ.

ನನ್ನ ವಿಷಯ ಏನೆಂದು ಇಲ್ಲಿ ಹೇಳಿಬಿಡಬೇಕು. ಕನ್ನಡದಲ್ಲಿ ಜನಪದ ಗೀತೆಗಳ ಸಂಗ್ರಹಕ್ಕೆ ಒಂದು ದೊಡ್ಡ ಪರಂಪರೆಯಿದೆ. ಹಲಸಂಗಿ ಗೆಳೆಯರ 'ಗರತಿಯ ಹಾಡು' 1931ರಷ್ಟು ಹಿಂದಿನದು. ಆಮೇಲೆ ವಿಶ್ವವಿದ್ಯಾಲಯಗಳು ಬಂದವು, ಟೇಪ್ ರೆಕಾರ್ಡರ್ ಬಂತು, ಕ್ಷೇತ್ರಕಾರ್ಯ ಎಂಬುದು ಒಂದು ಪೇಪರ್ ಆಯಿತು. ಪದ ಹೇಳಿದವರನ್ನು ನಮ್ಮ ಶಾಸ್ತ್ರ 'ವಕ್ತೃ' ಎನ್ನುತ್ತದೆ. ಬರೆದುಕೊಂಡವರು ಸಂಗ್ರಾಹಕರು, ಅಚ್ಚು ಹಾಕಿಸಿದವರು ಸಂಪಾದಕರು. ಪುಸ್ತಕದ ರಕ್ಷಾಪುಟದಲ್ಲಿ ಸಂಪಾದಕರ ಹೆಸರು ಇರುತ್ತದೆ. ವಕ್ತೃವಿನ ಹೆಸರು ಎಲ್ಲಿರುತ್ತದೆ, ಇರುತ್ತದೆಯೋ ಇಲ್ಲವೋ, ಇದ್ದರೆ ಹೇಗಿರುತ್ತದೆ ಎಂಬುದು ನನ್ನ ಮೂರನೇ ಅಧ್ಯಾಯ.

ಚಾಪ್‌ಮನ್ ಹಾಡಿದ ಮರುದಿನ, ಫೆಬ್ರವರಿ 5ರಂದು, ಟೋಬಿ ಕೀತ್ ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡ. ವಯಸ್ಸು 62. ಸೆಪ್ಟೆಂಬರ್ 11ರ ದಾಳಿಯ ನಂತರ ಅವನು ಹಾಡಿದ ಸಿಟ್ಟಿನ ದೇಶಭಕ್ತಿಯ ಹಾಡು ಅಮೆರಿಕವನ್ನು ಎರಡು ಪಾಲು ಮಾಡಿತ್ತು. ಅದರಾಚೆಯ ಪಾಲಿನಲ್ಲಿ ಆಗ ಡಿಕ್ಸಿ ಚಿಕ್ಸ್ ಎಂದಿದ್ದ ಮೂವರು ಹೆಣ್ಣುಮಕ್ಕಳ ತಂಡವಿತ್ತು. 2003ರಲ್ಲಿ, ಇರಾಕ್ ಯುದ್ಧದ ಹೊಸ್ತಿಲಲ್ಲಿ, ಆ ತಂಡದ ಗಾಯಕಿ ಲಂಡನ್ನಿನ ವೇದಿಕೆಯಲ್ಲಿ ತಮ್ಮ ಅಧ್ಯಕ್ಷರ ಬಗ್ಗೆ ಒಂದು ಮಾತು ಆಡಿದ್ದಕ್ಕೆ ಕಂಟ್ರಿ ರೇಡಿಯೋಗಳು ಅವರ ಹಾಡು ಹಾಕುವುದನ್ನೇ ನಿಲ್ಲಿಸಿಬಿಟ್ಟವು. ಕಂಟ್ರಿ ಎಂಬ ಮನೆಗೆ ಬಾಗಿಲಿದೆ, ಆ ಬಾಗಿಲಿಗೆ ಕಾವಲಿನವರಿದ್ದಾರೆ ಎಂದು ನನಗೆ ಮೊದಲು ಅರ್ಥವಾದದ್ದು ಈ ಹಳೆಯ ಕಥೆಯಿಂದ.

ಆ ವಾರ ಕಳೆಯುವಷ್ಟರಲ್ಲಿ ಬಾಗಿಲ ಹತ್ತಿರ ಹೊಸ ಗದ್ದಲ. ಫೆಬ್ರವರಿ 11ರಂದು ಬಿಯಾನ್ಸೆ ಎರಡು ಹಾಡು ಬಿಟ್ಟಳು. 'ಟೆಕ್ಸಸ್ ಹೋಲ್ಡ್ ಎಮ್' ಎಂಬ ಹಾಡು ಬ್ಯಾಂಜೋದಿಂದ ಶುರುವಾಗುತ್ತದೆ. ನುಡಿಸಿದವರು ರಿಯಾನನ್ ಗಿಡೆನ್ಸ್. ಬ್ಯಾಂಜೋದ ಚರಿತ್ರೆಯನ್ನು ಹತ್ತಾರು ವರ್ಷ ವೇದಿಕೆಯ ಮೇಲೆ ನುಡಿಸಿ ತೋರಿಸುತ್ತಾ ಬಂದವರು ಅವರು. ಬಿಳಿಯ ರೈತನ ಜಗಲಿಯ ವಾದ್ಯ ಎಂದು ಸಿನಿಮಾಗಳು ತೋರಿಸಿದ ಬ್ಯಾಂಜೋದ ಮೂಲ ಪಶ್ಚಿಮ ಆಫ್ರಿಕಾದ ಬುರುಡೆ ವಾದ್ಯಗಳಲ್ಲಿದೆ. ಗುಲಾಮರ ಕೈಯಲ್ಲಿ ಅದು ಅಮೆರಿಕದ ನೆಲದಲ್ಲಿ ರೂಪ ಪಡೆಯಿತು. ಇತ್ತ ಒಕ್ಲಹೋಮಾದ ಒಂದು ರೇಡಿಯೋ ಕೇಂದ್ರಕ್ಕೆ ಕೇಳುಗರೊಬ್ಬರು ಈ ಹಾಡು ಹಾಕಿ ಎಂದು ಬರೆದರೆ, ನಮ್ಮದು ಕಂಟ್ರಿ ಕೇಂದ್ರ, ಬಿಯಾನ್ಸೆ ಹಾಕುವುದಿಲ್ಲ ಎಂಬ ಉತ್ತರ ಬಂತು. ಗಲಾಟೆ ಎದ್ದ ಮೇಲೆ ಹಾಕಿದರು. ಅದೇ ತಿಂಗಳು ಆ ಹಾಡು ಬಿಲ್‌ಬೋರ್ಡಿನ ಕಂಟ್ರಿ ಗೀತೆಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು. ಆ ಪಟ್ಟಿಯ ತುದಿಗೆ ಏರಿದ ಮೊದಲ ಕಪ್ಪು ಹೆಣ್ಣು ಬಿಯಾನ್ಸೆ.

ಮಾರ್ಚ್ ತಿಂಗಳ ಮೂರು ಶುಕ್ರವಾರಗಳು ನನಗೆ ಬಹಳ ಪ್ರಿಯ. 15ರಂದು ಕೇಸಿ ಮಸ್‌ಗ್ರೇವ್ಸ್ ಅವರ 'ಡೀಪರ್ ವೆಲ್' ಬಂತು. ಅದು ಮೆಲುದನಿಯ, ಎಲ್ಲೂ ಅವಸರವಿಲ್ಲದ ಆಲ್ಬಮ್. 22ರಂದು ಸಿಯೆರಾ ಫೆರೆಲ್ ಅವರ 'ಟ್ರೇಲ್ ಆಫ್ ಫ್ಲವರ್ಸ್'. ಪಶ್ಚಿಮ ವರ್ಜೀನಿಯಾದ ಈ ಗಾಯಕಿಯ ದನಿಯಲ್ಲಿ ಹಳೆಯ ಗ್ರಾಮಫೋನಿನ ಗರಗರ ತಾನಾಗಿ ಇದೆ. 29ರಂದು ಬಿಯಾನ್ಸೆಯ 'ಕೌಬಾಯ್ ಕಾರ್ಟರ್', 27 ತುಣುಕುಗಳ ಉದ್ದನೆಯ ಆಲ್ಬಮ್. ಕೆಲವು ವರ್ಷಗಳ ಹಿಂದೆ ತನಗೆ ಸ್ವಾಗತವಿಲ್ಲ ಎಂದು ಅನ್ನಿಸಿದ ಒಂದು ಅನುಭವದಿಂದ ಇದು ಹುಟ್ಟಿತೆಂದು ಅವಳೇ ಬರೆದುಕೊಂಡಳು. ಹೆಸರು ಹೇಳಲಿಲ್ಲ. 2016ರ ಸಿಎಂಎ ವೇದಿಕೆಯಲ್ಲಿ ಅವಳು ಅದೇ ಚಿಕ್ಸ್ ತಂಡದ ಜೊತೆ ಹಾಡಿದ್ದು, ಆಗ ಎದ್ದ ಗೊಣಗಾಟ, ಎರಡೂ ಎಲ್ಲರಿಗೂ ನೆನಪಿತ್ತು.

ಈ ಆಲ್ಬಮ್ಮಿನಲ್ಲಿ ಹಾಡುಗಳಿಗಿಂತ ಹೆಚ್ಚಾಗಿ ನನ್ನನ್ನು ಹಿಡಿದದ್ದು ಒಂದು ಮಾತಿನ ದನಿ. ನಡುವೆ ಒಬ್ಬ ವಯಸ್ಸಾದ ಹೆಂಗಸು ಸಂಗೀತದ ವರ್ಗೀಕರಣದ ಬಗ್ಗೆ ಒಂದೆರಡು ಮಾತಾಡಿ ನಗುತ್ತಾರೆ. ಅವರು ಲಿಂಡಾ ಮಾರ್ಟೆಲ್. 1969ರಲ್ಲಿ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಒಪ್ರಿ ವೇದಿಕೆಯಲ್ಲಿ ಒಂಟಿಯಾಗಿ ಹಾಡಿದ ಮೊದಲ ಕಪ್ಪು ಹೆಣ್ಣು. 1970ರಲ್ಲಿ ಒಂದು ಆಲ್ಬಮ್ ಮಾಡಿದರು. ಅದನ್ನು ತಂದ ಕಂಪನಿಯ ಹೆಸರು 'ಪ್ಲಾಂಟೇಶನ್ ರೆಕಾರ್ಡ್ಸ್'; ಗುಲಾಮರು ದುಡಿದ ತೋಟಗಳನ್ನು ನೆನಪಿಸುವ ಹೆಸರು. ಆ ಒಂದು ಆಲ್ಬಮ್ಮಿಗೇ ಕಂಟ್ರಿಯಲ್ಲಿ ಅವರ ಬದುಕು ಮುಗಿಯಿತು. ಮುಂದೆ ದಕ್ಷಿಣ ಕೆರೊಲಿನಾದಲ್ಲಿ ಸ್ಕೂಲ್ ಬಸ್ಸು ಓಡಿಸಿದರು. ಅರ್ಧ ಶತಮಾನ ಕಳೆದ ಮೇಲೆ ಒಂದು ದೊಡ್ಡ ಆಲ್ಬಮ್ಮಿನಲ್ಲಿ ಅವರ ದನಿ, ಕೆಳಗೆ ಅವರ ಹೆಸರು. ಆ ವರ್ಷದ ಕೊನೆಗೆ, ತಮ್ಮ 83ನೇ ವಯಸ್ಸಿನಲ್ಲಿ, ಅವರು ಗ್ರ್ಯಾಮಿಗೆ ನಾಮನಿರ್ದೇಶನಗೊಂಡರು.

ಅವತ್ತು ರಾತ್ರಿ ನಾನು ನನ್ನ ಪೆಟ್ಟಿಗೆಯಿಂದ ಒಂದು ಪುಸ್ತಕ ತೆಗೆದು ರೂಮ್‌ಮೇಟ್‌ಗೆ ತೋರಿಸಿದೆ. ಎಂಬತ್ತರ ದಶಕದಲ್ಲಿ ಅಚ್ಚಾದ ಜನಪದ ಗೀತೆಗಳ ಸಂಗ್ರಹ. ಚಾಮರಾಜನಗರದ ಕಡೆಯ ನಮ್ಮೂರಿಗೆ ಟೇಪ್ ರೆಕಾರ್ಡರ್ ಹೊತ್ತು ಬಂದಿದ್ದ ಸಂಗ್ರಾಹಕರು ನಮ್ಮ ಕೇರಿಯಲ್ಲಿ ಎರಡು ದಿನ ಕೂತು ನಾಟಿ ಪದ, ಸೋಬಾನೆ ಪದ ತುಂಬಿಕೊಂಡು ಹೋಗಿದ್ದರಂತೆ. ಪುಸ್ತಕದ ಒಂದು ಪುಟದಲ್ಲಿ ನನ್ನ ಅಜ್ಜಿ ಹೇಳಿದ ನಾಟಿ ಪದವಿದೆ. ನಾನು ಚಿಕ್ಕಂದಿನಿಂದ ಕೇಳಿದ ಪದ, ಕಣ್ಣು ಮುಚ್ಚಿದರೂ ಗುರುತು ಹಿಡಿಯಬಲ್ಲೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಹೇಳಿದವರು: ಹರಿಜನ ಕೇರಿಯ ಒಬ್ಬ ಹೆಂಗಸು' ಎಂದಿದೆ. ಅದರ ಹಿಂದಿನ ಪುಟದ ಪದ ಹೇಳಿದವರು ಊರೊಳಗಿನ ದೊಡ್ಡ ಮನೆಯ ಹೆಂಗಸು. ಅವರಿಗೆ ಹೆಸರಿದೆ, ಗಂಡನ ಹೆಸರಿದೆ, ವಯಸ್ಸಿದೆ. ನನ್ನ ಅಜ್ಜಿಗೆ ಜಾತಿ ಇದೆ.

ರೂಮ್‌ಮೇಟ್ ಕನ್ನಡ ಓದಲಾರಳು. ಅಕ್ಷರಗಳ ಮೇಲೆ ಬೆರಳಿಟ್ಟು, 'ಇಷ್ಟರಲ್ಲಿ ಹೆಸರು ಯಾವುದು?' ಎಂದು ಕೇಳಿದಳು.

ಏಪ್ರಿಲ್‌ನಲ್ಲಿ ಇನ್ನೊಂದು ಹೆಸರು ಬಂತು. ಶಬೂಜಿ. ವರ್ಜೀನಿಯಾದಲ್ಲಿ ಬೆಳೆದ, ನೈಜೀರಿಯಾ ಮೂಲದ ತಂದೆತಾಯಿಯ ಮಗ. ಅವನ ಮನೆತನದ ಹೆಸರು ಚಿಬುಯೆಜೆ. ಇಗ್ಬೋ ಭಾಷೆಯಲ್ಲಿ 'ದೇವರೇ ದೊರೆ' ಎಂದರ್ಥ. ಹೈಸ್ಕೂಲಿನ ಫುಟ್‌ಬಾಲ್ ಕೋಚ್ ಅದನ್ನು ತಪ್ಪಾಗಿ ಕರೆದು ಕರೆದು ಹುಟ್ಟಿದ್ದು ಶಬೂಜಿ ಎಂಬ ಹೆಸರು. ಹುಡುಗ ಆ ತಪ್ಪನ್ನೇ ಎತ್ತಿಕೊಂಡು ಹಣೆಗೆ ಕಟ್ಟಿಕೊಂಡ. 'ಕೌಬಾಯ್ ಕಾರ್ಟರ್'ನ ಎರಡು ಹಾಡಿನಲ್ಲಿ ಅವನಿದ್ದ. ಏಪ್ರಿಲ್ 12ರಂದು ಅವನದೇ 'ಎ ಬಾರ್ ಸಾಂಗ್' ಬಂತು. 2004ರ ಒಂದು ರ‍್ಯಾಪ್ ಹಾಡಿನ ಎಳೆಯನ್ನು ಪಿಟೀಲು, ಗಿಟಾರಿನ ಜೊತೆ ಹೊಸೆದ ಹಾಡು. ವಾರವಿಡೀ ದುಡಿದವನ ಶನಿವಾರದ ಕುಡಿತ. ಕಂಟ್ರಿ ಪಟ್ಟಿಯಲ್ಲಿ ಬಿಯಾನ್ಸೆಯನ್ನು ಇಳಿಸಿ ಅವನು ಕೂತ. ಒಬ್ಬರ ಹಿಂದೆ ಒಬ್ಬರು ಇಬ್ಬರು ಕಪ್ಪು ಕಲಾವಿದರು ಆ ಪಟ್ಟಿಯ ಮೊದಲ ಸ್ಥಾನದಲ್ಲಿ ಕೂತದ್ದು ಅದೇ ಮೊದಲು. ಆಮೇಲೆ ಎಲ್ಲ ಬಗೆಯ ಹಾಡುಗಳೂ ಸೇರುವ ಹಾಟ್ 100 ಪಟ್ಟಿಯಲ್ಲಿ ಒಟ್ಟು 19 ವಾರ ಮೊದಲ ಸ್ಥಾನದಲ್ಲಿದ್ದು 2019ರ 'ಓಲ್ಡ್ ಟೌನ್ ರೋಡ್'ನ ದಾಖಲೆಯನ್ನು ಸರಿಗಟ್ಟಿತು.

ಆ 'ಓಲ್ಡ್ ಟೌನ್ ರೋಡ್' ಹಾಡಿನದೂ ಒಂದು ಕಥೆ. ಲಿಲ್ ನಾಸ್ ಎಕ್ಸ್ ಎಂಬ ಕಪ್ಪು ಹುಡುಗ ಹಾಡಿದ ಅದನ್ನು ಬಿಲ್‌ಬೋರ್ಡ್ ಕಂಟ್ರಿ ಪಟ್ಟಿಯಲ್ಲಿ ಒಂದು ವಾರ ಇಟ್ಟು, ಇದರಲ್ಲಿ ಇಂದಿನ ಕಂಟ್ರಿಯ ಅಂಶ ಸಾಕಷ್ಟಿಲ್ಲ ಎಂದು ತೆಗೆದುಹಾಕಿತ್ತು. ಐದು ವರ್ಷದಲ್ಲಿ ಬಾಗಿಲು ಇಷ್ಟು ತೆರೆಯಿತಲ್ಲ ಎಂದು ನಾನು ಸಂತೋಷಪಟ್ಟೆ. 'ಸ್ವಲ್ಪ ಕಾಯಿ' ಎಂದಳು ರೂಮ್‌ಮೇಟ್.

ಮೇ ಮತ್ತು ಜೂನ್ ಮುದುಕರ ತಿಂಗಳುಗಳು. ವಿಲ್ಲಿ ನೆಲ್ಸನ್ ತಮ್ಮ 91ನೇ ವಯಸ್ಸಿನಲ್ಲಿ 'ದಿ ಬಾರ್ಡರ್' ಎಂಬ ಆಲ್ಬಮ್ ತಂದರು. ಸಾಲದೆಂದು ನವೆಂಬರಿನಲ್ಲಿ ಇನ್ನೊಂದು. 2003ರಲ್ಲಿ ತೀರಿಕೊಂಡ ಜಾನಿ ಕ್ಯಾಶ್ 1993ರಲ್ಲಿ ದಾಖಲಿಸಿಟ್ಟಿದ್ದ ಹಾಡುಗಳಿಗೆ ಮಗ ಹೊಸ ವಾದ್ಯ ಸೇರಿಸಿ 'ಸಾಂಗ್‌ರೈಟರ್' ಎಂದು ಹೊರತಂದ. ಆ ಬೇಸಿಗೆ ರಜೆಯಲ್ಲಿ ನಾನು ಊರಿಗೆ ಹೋದೆ, ಆ ಪುಸ್ತಕ ಬ್ಯಾಗಿನಲ್ಲಿ ಇಟ್ಟುಕೊಂಡೇ.

ಅಜ್ಜಿಗೆ ಈಗ ಎಂಬತ್ತು ದಾಟಿದೆ. ಓದು ಬಾರದು. ಜಗಲಿಯ ಮೇಲೆ ಕೂರಿಸಿಕೊಂಡು ಪದವನ್ನು ಓದಿ ಹೇಳಿದೆ. ಹೆಸರಿನ ವಿಷಯ ಎತ್ತಿದರೆ ನೊಂದುಕೊಳ್ಳುತ್ತಾಳೇನೋ ಎಂದು ನನಗೆ ಅಳುಕಿತ್ತು. ಅವಳು ಎರಡನೇ ಚರಣಕ್ಕೇ ಕೈ ಅಡ್ಡ ಹಿಡಿದಳು.

'ನಿಲ್ಸವ್ವ. ಇಂಗಲ್ಲ ಅದು. ನಡುಕ್ಲು ಎರಡು ಪದವ ಬುಟ್ಟೇಬುಟ್ಟವ್ರಲ್ಲ.'

ಬಿಟ್ಟಿದ್ದ ಎರಡು ಚರಣ ಯಾವುವು? ಗದ್ದೆಯ ಬದುವಿನ ಮೇಲೆ ಕೊಡೆ ಹಿಡಿದು ನಿಂತ ಗೌಡನನ್ನು ನಾಟಿ ಹಾಕುವ ಹೆಂಗಸರು ಬೈದು ಆಡಿಕೊಳ್ಳುವ ಚರಣಗಳು. ಅಜ್ಜಿ ಅವನ್ನು ಹಾಡಿದಳು. ಕೂಲಿ ಕಡಿಮೆ ಕೊಟ್ಟ ಗೌಡನ ಹೊಟ್ಟೆ, ಮೀಸೆ, ನಡಿಗೆ, ಒಂದನ್ನೂ ಬಿಟ್ಟಿಲ್ಲ ಆ ಪದ. ಅಂಥ ಪದವನ್ನು ಸಂಗ್ರಾಹಕರು ಗೌಡರ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಅಂದವಾಗಿ ಬರೆದುಕೊಂಡಿರಬೇಕು ಎಂದು ನನಗೆ ನಗುವೂ ಬಂತು, ಸಿಟ್ಟೂ ಬಂತು. ಉಳಿದದ್ದು ಮಳೆ, ಪೈರು, ತವರುಮನೆ. 'ಜನಪದರ ಪ್ರಕೃತಿ ಪ್ರೇಮ' ಎಂದು ಪರೀಕ್ಷೆಯಲ್ಲಿ ಬರೆಯಲು ಹದವಾದ ಪದ.

ಆಮೇಲೆ ಹೆಸರಿನ ಮಾತು ಎತ್ತಿದೆ. 'ಅಜ್ಜಿ, ಇದು ನಿನ್ನ ಪದ. ನಿನ್ನ ಹೆಸರೇ ಹಾಕಿಲ್ಲ ಇವರು.'

'ನಂದೆಲ್ಲವ್ವ? ನಾನೇನು ಕಟ್ದವಳಾ? ನಮ್ಮತ್ತೆ ಹೇಳ್ಕೊಟ್ಟದ್ದು. ನಮ್ಮತ್ತೆಗೆ ಕುರುಬರ ಮನೆ ಹೆಂಗ್ಸು ಒಬ್ಳು ಕಲ್ಸಿದ್ಳಂತೆ, ಒಂದೇ ಗದ್ದೆಲಿ ನಾಟಿ ಹಾಕವಾಗ. ಹಾಕದಾದ್ರೆ ಅವ್ರ ಹೆಸ್ರೂ ಹಾಕ್ಬೇಕಲ್ಲ' ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಂದೂ ಹಾಕ್ಬೇಕಿತ್ತು ಬುಡು' ಎಂದಳು.

ಈ ಎರಡು ಮಾತಿನ ನಡುವೆ ನಾನು ಆರು ತಿಂಗಳು ಸಿಕ್ಕಿಕೊಂಡೆ.

ಹೈದರಾಬಾದಿಗೆ ವಾಪಸಾದ ಮೇಲೆ ಕಾರ್ಟರ್ ಕುಟುಂಬದ ಕಥೆ ಓದಿದೆ. 1927ರಲ್ಲಿ ಟೆನೆಸಿಯ ಬ್ರಿಸ್ಟಲ್ ಊರಿನಲ್ಲಿ ರಾಲ್ಫ್ ಪಿಯರ್ ಎಂಬಾತ ರೆಕಾರ್ಡಿಂಗ್ ಯಂತ್ರ ಹೂಡಿ, ಸುತ್ತಲಿನ ಗುಡ್ಡಗಾಡಿನ ಹಾಡುಗಾರರನ್ನು ಕರೆಸಿದ. ಅಲ್ಲಿ ಸಿಕ್ಕವರೇ ಕಾರ್ಟರ್ ಕುಟುಂಬ ಮತ್ತು ಜಿಮ್ಮಿ ರಾಜರ್ಸ್. ಕಂಟ್ರಿಯ ಹುಟ್ಟು ಅಲ್ಲಿಂದ ಎಂದು ಹಲವರು ಎಣಿಸುತ್ತಾರೆ. ಆ ಕಾಲದ ಕಂಪನಿಗಳು ಬಿಳಿಯರ ಹಾಡಿಗೆ ಒಂದು ಪಟ್ಟಿ, ಕಪ್ಪು ಜನರ ಹಾಡಿಗೆ 'ರೇಸ್ ರೆಕಾರ್ಡ್ಸ್' ಎಂದು ಇನ್ನೊಂದು ಪಟ್ಟಿ ಮಾಡಿದ್ದವು. ಗದ್ದೆಯಲ್ಲಿ, ಗಣಿಯಲ್ಲಿ, ರೈಲು ಹಳಿಯ ಕೆಲಸದಲ್ಲಿ ಬೆರೆತುಹೋಗಿದ್ದ ಹಾಡುಗಳು ಅಂಗಡಿಯ ಕಪಾಟಿನಲ್ಲಿ ಬೇರೆಯಾದವು. ಎ.ಪಿ. ಕಾರ್ಟರ್ ಹಾಡು ಹುಡುಕಿಕೊಂಡು ಬೆಟ್ಟ ಸುತ್ತುವಾಗ ಅವನ ಜೊತೆ ಲೆಸ್ಲಿ ರಿಡಲ್ ಎಂಬ ಕಪ್ಪು ಗಿಟಾರ್ ವಾದಕ ಇರುತ್ತಿದ್ದ. ಒಂದು ಅಪಘಾತದಲ್ಲಿ ಕಾಲು ಕಳೆದುಕೊಂಡಿದ್ದ ಅವನು ಹಾಡಿನ ಮಟ್ಟುಗಳನ್ನು ನೆನಪಿನಲ್ಲಿ ಹಿಡಿದು ತರುತ್ತಿದ್ದ; ಪದಗಳನ್ನು ಕಾರ್ಟರ್ ಬರೆದುಕೊಳ್ಳುತ್ತಿದ್ದ. ಮೇಬೆಲ್ ಕಾರ್ಟರ್ ಅವನಿಂದ ಗಿಟಾರ್ ಕಲಿತದ್ದೂ ಉಂಟು. ರೆಕಾರ್ಡುಗಳ ಮೇಲೆ ಬಂದದ್ದು ಎ.ಪಿ. ಕಾರ್ಟರ್ ಹೆಸರು. 1960ರ ದಶಕದಲ್ಲಿ ಮೈಕ್ ಸೀಗರ್ ಹುಡುಕಿಕೊಂಡು ಹೋಗುವವರೆಗೆ ರಿಡಲ್ ಎಲ್ಲಿದ್ದಾನೆಂದು ಕೇಳಿದವರಿಲ್ಲ. ಬಿಯಾನ್ಸೆಯ ಆಲ್ಬಮ್ಮಿನ ಹೆಸರಿನಲ್ಲಿರುವ ಕಾರ್ಟರ್ ಅವಳ ಗಂಡನ ಮನೆಯ ಹೆಸರು. ನನಗೆ ಮಾತ್ರ ಆ ಹೆಸರು ಕೇಳಿದಾಗೆಲ್ಲ ರಿಡಲ್ ನೆನಪಾಗುತ್ತಾನೆ.

ಆಗಸ್ಟ್ 16ರಂದು ಪೋಸ್ಟ್ ಮಲೋನ್‌ನ 'ಎಫ್-1 ಟ್ರಿಲಿಯನ್' ಬಂತು. ಇವನು ರ‍್ಯಾಪ್ ಮತ್ತು ಪಾಪ್‌ನಿಂದ ಬಂದ ಬಿಳಿಯ ಗಾಯಕ. ಮೋರ್ಗನ್ ವಾಲೆನ್ ಜೊತೆ ಹಾಡಿದ್ದ ಒಂದು ಹಾಡು ಮೇ ತಿಂಗಳಲ್ಲೇ ನೇರವಾಗಿ ಮೊದಲ ಸ್ಥಾನದಲ್ಲಿ ಇಳಿದಿತ್ತು. ಡಾಲಿ ಪಾರ್ಟನ್‌ರಿಂದ ಹಿಡಿದು ಹ್ಯಾಂಕ್ ವಿಲಿಯಮ್ಸ್ ಜೂನಿಯರ್‌ವರೆಗೆ ನ್ಯಾಶ್‌ವಿಲ್‌ನ ದೊಡ್ಡವರೆಲ್ಲ ಆ ಆಲ್ಬಮ್ಮಿನಲ್ಲಿದ್ದಾರೆ. ಸೆಪ್ಟೆಂಬರಿನಲ್ಲಿ ಸಿಎಂಎ ನಾಮನಿರ್ದೇಶನಗಳು ಬಂದಾಗ ಪೋಸ್ಟ್ ಮಲೋನ್‌ಗೆ ನಾಲ್ಕು. ಶಬೂಜಿಗೆ ಎರಡು. ಬಿಯಾನ್ಸೆಗೆ ಸೊನ್ನೆ.

ಇದರ ಬಗ್ಗೆ ನಮ್ಮ ರೂಮಿನಲ್ಲಿ ದೊಡ್ಡ ಜಗಳವಾಯಿತು. ರೂಮ್‌ಮೇಟ್ ವಾದ ಹೀಗಿತ್ತು: ಪೋಸ್ಟ್ ಮಲೋನ್ ನ್ಯಾಶ್‌ವಿಲ್‌ಗೆ ಹೋಗಿ ಅಲ್ಲಿನ ಗೀತರಚನಕಾರರ ಜೊತೆ ಕೂತು ಬರೆದ, ಅವರ ಹಿರಿಯರಿಗೆ ನಮಸ್ಕಾರ ಮಾಡಿದ, ಬಿಯಾನ್ಸೆ ಆ ಊರಿನ ಬಾಗಿಲು ಬಡಿಯಲೇ ಇಲ್ಲ, ಇದು ಕಂಟ್ರಿ ಆಲ್ಬಮ್ ಅಲ್ಲ ಎಂದು ತಾನೇ ಹೇಳಿದಳು, ಒಂದು ಸಮುದಾಯ ತನ್ನ ಪ್ರಶಸ್ತಿ ತನ್ನವರಿಗೆ ಕೊಟ್ಟರೆ ತಪ್ಪೇನು? ನನ್ನ ವಾದ: ಒಮ್ಮೆ ಬಾಗಿಲಲ್ಲಿ ಅವಮಾನವಾದವಳು ಮತ್ತೆ ಬಂದು ಬಡಿಯಬೇಕು ಎನ್ನುವುದು ಯಾವ ನ್ಯಾಯ? ಬ್ಯಾಂಜೋ ತಂದವರ ಮೊಮ್ಮಕ್ಕಳು ಬ್ಯಾಂಜೋ ನುಡಿಸಲು ಯಾರ ಅಪ್ಪಣೆ ಕೇಳಬೇಕು? ಅವಳು, 'ಹಾಗಾದರೆ ನಾನು ಯಾರ ಅಪ್ಪಣೆ ಕೇಳಿ ಜಿಮ್ ರೀವ್ಸ್ ಹಾಡಲಿ? ನಮ್ಮ ಅಜ್ಜನಿಗೂ ಟೆಕ್ಸಸ್ಸಿಗೂ ಏನು ಸಂಬಂಧ?' ಎಂದಳು. ಅದಕ್ಕೆ ನನ್ನಲ್ಲಿ ಅವತ್ತು ಉತ್ತರ ಇರಲಿಲ್ಲ.

ಆ ತಿಂಗಳ 28ರಂದು ಕ್ರಿಸ್ ಕ್ರಿಸ್ಟೋಫರ್‌ಸನ್ ತೀರಿಕೊಂಡರು, 88ನೇ ವಯಸ್ಸಿನಲ್ಲಿ, ಹವಾಯಿಯ ತಮ್ಮ ಮನೆಯಲ್ಲಿ. ಸಂಶೋಧನಾ ವಿದ್ಯಾರ್ಥಿಗಳು ಈ ಮನುಷ್ಯನ ಕಥೆ ತಿಳಿದಿರಬೇಕು. ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರು, ವಿಲಿಯಂ ಬ್ಲೇಕ್‌ನ ಭಕ್ತರು. ಸೇನೆಯಲ್ಲಿ ಹೆಲಿಕಾಪ್ಟರ್ ಹಾರಿಸಿದರು. ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಸಾಹಿತ್ಯ ಪಾಠ ಮಾಡುವ ಕೆಲಸ ಕೈಗೆ ಬಂದಾಗ, 1965ರಲ್ಲಿ, ಸೇನೆ ಬಿಟ್ಟು ನ್ಯಾಶ್‌ವಿಲ್‌ಗೆ ಹೋಗಿ ಕೊಲಂಬಿಯಾ ಸ್ಟುಡಿಯೋದಲ್ಲಿ ನೆಲ ಗುಡಿಸುವ ಕೆಲಸಕ್ಕೆ ಸೇರಿದರು. ಬಾಬ್ ಡಿಲನ್ ಅಲ್ಲಿ ರೆಕಾರ್ಡ್ ಮಾಡುವಾಗ ಇವರು ಅದೇ ಕಟ್ಟಡದಲ್ಲಿ ಆ್ಯಷ್‌ಟ್ರೇ ಖಾಲಿ ಮಾಡುತ್ತಿದ್ದರು. ಮನೆಯವರು ಇವರನ್ನು ದೂರ ಮಾಡಿದರು. ಆಮೇಲೆ 'ಮಿ ಆ್ಯಂಡ್ ಬಾಬಿ ಮೆಗೀ' ಬರೆದರು. ಜಾನಿಸ್ ಜಾಪ್ಲಿನ್ ಹಾಡಿ ಅದನ್ನು ಲೋಕಕ್ಕೆಲ್ಲ ತಲುಪಿಸಿದರು. ಹಾಡಿದವರು ನೂರು ಜನ, ಬರೆದವರ ಹೆಸರು ಎಲ್ಲೂ ಕಳೆದುಹೋಗಲಿಲ್ಲ.

ಈ ಸಾವಿನ ಸುದ್ದಿ ಓದುವಾಗಲೇ ನಮ್ಮ ಜಗಳದ ಗಂಟು ಎಲ್ಲಿದೆ ಎಂದು ನನಗೆ ಹೊಳೆದದ್ದು. ನಾವಿಬ್ಬರೂ ಎರಡು ಪ್ರಶ್ನೆಗಳನ್ನು ಒಂದೇ ಎಂದುಕೊಂಡು ಎಳೆದಾಡುತ್ತಿದ್ದೆವು. ಹಾಡನ್ನು ಯಾರು ಹಾಡಬಹುದು ಎಂಬುದು ಒಂದು. ಹಾಡು ಯಾರಿಂದ ಬಂತು ಎಂದು ಬರೆದಿಡುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸುಲಭ: ಯಾರು ಬೇಕಾದರೂ. ಕೊಹಿಮಾದ ಅಜ್ಜ ಜಿಮ್ ರೀವ್ಸ್ ಹಾಡಲಿ, ಕೋಂಬ್ಸ್ ಚಾಪ್‌ಮನ್ ಹಾಡಲಿ, ಪೋಸ್ಟ್ ಮಲೋನ್ ಟೋಪಿ ಹಾಕಿಕೊಳ್ಳಲಿ. ಎರಡನೆಯದರಲ್ಲಿ ಔದಾರ್ಯಕ್ಕೆ ಜಾಗವಿಲ್ಲ. ಅಲ್ಲಿ ಲೆಕ್ಕ ಸರಿಯಾಗಿರಬೇಕು, ಕಿರಾಣಿ ಅಂಗಡಿಯ ಪುಸ್ತಕದ ಹಾಗೆ. 'ಹಾಡು ಎಲ್ಲರದ್ದು' ಎಂಬ ಚಂದದ ಮಾತನ್ನು ಎರಡನೇ ಪ್ರಶ್ನೆಗೆ ಉತ್ತರವಾಗಿ ಕೊಡುವವರು ಹೆಚ್ಚಾಗಿ ತಮ್ಮ ಹೆಸರು ರಕ್ಷಾಪುಟದಲ್ಲಿ ಇರುವವರು.

ಅಜ್ಜಿಯ ಎರಡು ಮಾತೂ ಒಟ್ಟಿಗೆ ನಿಲ್ಲುತ್ತವೆ ಎಂದು ಆಗ ಅರ್ಥವಾಯಿತು. ಪದ ಅವಳ ಸ್ವತ್ತಲ್ಲ. ಅವಳ ಹೆಸರು ಅಲ್ಲಿರಬೇಕಿತ್ತು.

ನವೆಂಬರ್ 20ರಂದು ಸಿಎಂಎ ಪ್ರಶಸ್ತಿ ಸಮಾರಂಭ. ವರ್ಷದ ಅತಿ ದೊಡ್ಡ ಪ್ರಶಸ್ತಿ ಮೋರ್ಗನ್ ವಾಲೆನ್‌ಗೆ. ಪಡೆಯಲು ಅವನು ಬಂದಿರಲಿಲ್ಲ. 2021ರಲ್ಲಿ ಜನಾಂಗೀಯ ಬೈಗುಳ ಆಡಿದ ವಿಡಿಯೋ ಹೊರಬಂದಾಗ ರೇಡಿಯೋಗಳು ಇದೇ ವಾಲೆನ್ನನ್ನು ದೂರವಿಟ್ಟಿದ್ದವು, ಆದರೆ ಅವನ ಆಲ್ಬಮ್ ಪಟ್ಟಿಯ ಮೇಲಿಂದ ಇಳಿದಿರಲಿಲ್ಲ. ಶಬೂಜಿ ಬರಿಗೈಲಿ ಹೋದ. ಆ ಸಂಜೆ ವೇದಿಕೆಯ ಮೇಲೆ ಅವನ ಹೆಸರು ಮತ್ತೆ ಮತ್ತೆ ಕೇಳಿಸಿತು, ತಮಾಷೆಯ ಪದವಾಗಿ. ಪ್ರಶಸ್ತಿ ಪಡೆದವರೊಬ್ಬರು ಧನ್ಯವಾದ ಹೇಳುವಾಗಲೂ ಆ ಹೆಸರಿನ ಮೇಲೆ ಒಂದು ಜೋಕು ಹೊಡೆದರು. ಸಭೆಯಲ್ಲಿ ಕೂತ ಹುಡುಗ ನಕ್ಕ. ಆ ನಗು ನನಗೆ ಗೊತ್ತು. ಹಾಜರಿ ಕರೆಯುವ ಮೇಷ್ಟ್ರು ಊರು, ಕೇರಿ ಸೇರಿಸಿ ಹೆಸರು ಕೂಗಿದಾಗ ಮುಂದಿನ ಬೆಂಚಿನವರ ಜೊತೆ ಸೇರಿ ನಾವೂ ನಗುವ ನಗು. ರೂಮ್‌ಮೇಟ್ ಲ್ಯಾಪ್‌ಟಾಪ್ ಮುಚ್ಚಿದಳು. 'ನನ್ನ ಹೆಸರನ್ನು ಇಲ್ಲಿ ಏನೇನು ಮಾಡಿದ್ದಾರೆ ಗೊತ್ತಲ್ಲ' ಎಂದಳಷ್ಟೇ.

ಆ ವರ್ಷದಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ್ದು ಈ ಯಾವ ಗದ್ದಲಕ್ಕೂ ಸೇರದ ಒಂದು ಆಲ್ಬಮ್. ಗಿಲಿಯನ್ ವೆಲ್ಚ್ ಮತ್ತು ಡೇವಿಡ್ ರಾಲಿಂಗ್ಸ್ ಅವರ 'ವುಡ್‌ಲ್ಯಾಂಡ್', ಆಗಸ್ಟ್ 23ರಂದು ಬಂದದ್ದು. ವುಡ್‌ಲ್ಯಾಂಡ್ ಎಂಬುದು ನ್ಯಾಶ್‌ವಿಲ್‌ನಲ್ಲಿರುವ ಅವರ ಸ್ಟುಡಿಯೋದ ಹೆಸರು. 2020ರ ಮಾರ್ಚಿನಲ್ಲಿ ಸುಂಟರಗಾಳಿ ಅದರ ಛಾವಣಿ ಕಿತ್ತುಕೊಂಡು ಹೋದಾಗ ಇವರಿಬ್ಬರೂ ರಾತ್ರಿ ಕತ್ತಲಲ್ಲಿ, ಸುರಿಯುವ ಮಳೆಯಲ್ಲಿ, ತಮ್ಮ ಟೇಪುಗಳನ್ನೂ ವಾದ್ಯಗಳನ್ನೂ ಹೊತ್ತು ಹೊರಗೆ ಸಾಗಿಸಿದರು. ಆಮೇಲೆ ಅದನ್ನು ಮತ್ತೆ ಕಟ್ಟಿ, ಅಲ್ಲೇ ಕೂತು ಮಾಡಿದ ಆಲ್ಬಮ್ಮಿಗೆ ಅದರದೇ ಹೆಸರಿಟ್ಟರು. ಅಧ್ಯಾಯ ಬರೆಯುವ ರಾತ್ರಿಗಳಲ್ಲಿ ಆ ಹಾಡುಗಳು ಸಣ್ಣ ದನಿಯಲ್ಲಿ ಓಡುತ್ತಿದ್ದವು. ಟೇಪುಗಳನ್ನು ಹೀಗೆ ಎದೆಗವಚಿಕೊಂಡು ಕಾಪಾಡಿದವರೂ ಇದ್ದಾರೆ. ನನ್ನ ಅಜ್ಜಿಯ ದನಿ ಇದ್ದ ಕ್ಯಾಸೆಟ್ ಎಲ್ಲಿದೆ ಎಂದು ಸಂಗ್ರಾಹಕರ ಮನೆಯವರನ್ನು ಕೇಳಿದಾಗ, ಅದರ ಮೇಲೆ ಬಹಳ ಹಿಂದೆಯೇ ಸಿನಿಮಾ ಹಾಡು ತುಂಬಿಸಿಕೊಂಡೆವು ಎಂದರು. ಸಹಜವಾಗಿಯೇ ಹೇಳಿದರು. ಕ್ಯಾಸೆಟ್ಟಿಗೆ ಆಗ ದುಡ್ಡು ಕೊಡಬೇಕಿತ್ತು.

2025ರ ಫೆಬ್ರವರಿ 2ರಂದು ಈ ಕಥೆಗೆ ಒಂದು ಬಾಲ ಸೇರಿತು. ಗ್ರ್ಯಾಮಿಯಲ್ಲಿ 'ಕೌಬಾಯ್ ಕಾರ್ಟರ್' ವರ್ಷದ ಆಲ್ಬಮ್ ಪ್ರಶಸ್ತಿಯ ಜೊತೆಗೆ ಅತ್ಯುತ್ತಮ ಕಂಟ್ರಿ ಆಲ್ಬಮ್ ಪ್ರಶಸ್ತಿಯನ್ನೂ ಪಡೆಯಿತು. ಕಂಟ್ರಿ ಆಲ್ಬಮ್ ಪ್ರಶಸ್ತಿ ಕಪ್ಪು ಕಲಾವಿದರೊಬ್ಬರಿಗೆ ಬಂದದ್ದು ಅದೇ ಮೊದಲು. ಸಿಯೆರಾ ಫೆರೆಲ್‌ಗೆ ನಾಲ್ಕು ಗ್ರ್ಯಾಮಿ ಬಂದು ನಮ್ಮ ರೂಮಿನಲ್ಲಿ ಕುಣಿದಾಟವಾಯಿತು. ವೆಲ್ಚ್, ರಾಲಿಂಗ್ಸ್ ಜೋಡಿಗೆ ಜಾನಪದ ವಿಭಾಗದ ಪ್ರಶಸ್ತಿ. ಕೆಲವೇ ತಿಂಗಳಲ್ಲಿ ಗ್ರ್ಯಾಮಿಯವರು ಕಂಟ್ರಿ ಆಲ್ಬಮ್ ಪ್ರಶಸ್ತಿಯನ್ನು ಎರಡಾಗಿ ಒಡೆದರು: ಸಾಂಪ್ರದಾಯಿಕ ಕಂಟ್ರಿ, ಸಮಕಾಲೀನ ಕಂಟ್ರಿ. ಬೇರೆ ಸಂಗೀತ ಪ್ರಕಾರಗಳಲ್ಲೂ ಇಂಥ ಎರಡು ವಿಭಾಗಗಳಿವೆ, ಇದರಲ್ಲಿ ವಿಶೇಷವೇನಿಲ್ಲ ಎಂದು ಸಮಾಧಾನ ಹೇಳಬಹುದು. ಆದರೆ ಯಾರು ಯಾವ ಕಪಾಟಿಗೆ ಹೋಗುತ್ತಾರೆಂದು ನೋಡುತ್ತಿರಬೇಕು. 1920ರ ದಶಕದಲ್ಲೂ ಅದು ಬರೀ ಕಪಾಟಿನ ಅನುಕೂಲವೇ ಆಗಿತ್ತು.

ನನ್ನ ಅಧ್ಯಾಯದ ಕರಡು ಓದಿದ ಮಾರ್ಗದರ್ಶಕರು ಒಂದು ಪ್ರಶ್ನೆ ಕೇಳಿದರು. ಸ್ವಂತ ಅಜ್ಜಿಯನ್ನು ತಂದರೆ ವಸ್ತುನಿಷ್ಠತೆ ಹೋಗುವುದಿಲ್ಲವೇ ಎಂದು. ಒಳ್ಳೆಯ ಪ್ರಶ್ನೆಯೇ. ಎಂಬತ್ತರ ದಶಕದ ಆ ಪುಸ್ತಕ ವಸ್ತುನಿಷ್ಠವಾಗಿತ್ತು, ಸಾರ್. ಅದಕ್ಕೇ ಅದರಲ್ಲಿ ಅವಳ ಹೆಸರಿಲ್ಲ 'ಎಂಬ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಅಷ್ಟು ಚುರುಕಾಗಿ ಹೇಳಲಿಲ್ಲ. ಬಿಟ್ಟುಹೋದ ಚರಣಗಳನ್ನೂ ಅಚ್ಚಾದ ಪಾಠವನ್ನೂ ಅಕ್ಕಪಕ್ಕ ಇಟ್ಟು ತೋರಿಸಿದೆ. ಅವರು ಎರಡು ಸಲ ಓದಿದರು. ಇರಲಿ, ಅನುಬಂಧದ ನಮೂನೆಯನ್ನು ಮಾತ್ರ ಇನ್ನೊಮ್ಮೆ ಯೋಚಿಸು ಎಂದರು.

ಯೋಚಿಸಿದೆ. ನಮ್ಮಲ್ಲಿ ಸಾಮಾನ್ಯವಾಗಿ ಅನುಬಂಧದಲ್ಲಿ ವಕ್ತೃವಿನ ಹೆಸರು, ವಯಸ್ಸು, ಜಾತಿ, ಊರು ಎಂಬ ನಾಲ್ಕು ಕಲಂ ಇರುತ್ತವೆ. ನಾನು ಇನ್ನೊಂದು ಸೇರಿಸಿದ್ದೇನೆ: 'ಯಾರಿಂದ ಕಲಿತದ್ದು.' ಈ ಸಲ ಊರಿಗೆ ಹೋದಾಗ ಅಜ್ಜಿಯನ್ನು ಕೂರಿಸಿಕೊಂಡು ಒಂದೊಂದು ಪದಕ್ಕೂ ಆ ಕಲಂ ತುಂಬಿಸುತ್ತಿದ್ದೇನೆ. ಅತ್ತೆಯ ಹೆಸರು ತಕ್ಷಣ ಬಂತು. ಕುರುಬರ ಮನೆಯ ಆ ಹೆಂಗಸಿನ ಹೆಸರು ಅವಳಿಗೆ ನೆನಪಿಲ್ಲ. ಆ ಮನೆ ಈಗಲೂ ಇದೆ, ಮೊಮ್ಮಕ್ಕಳಿದ್ದಾರೆ, ನಾಳೆ ಬೆಳಿಗ್ಗೆ ಅಲ್ಲಿಗೆ ಹೋಗುವವಳಿದ್ದೇನೆ.